ಗಿಡುಗ ಹಾರಿದ ದಿಕ್ಕು

ಕೊರಿಂಥದ ಟೆಲೆನಿಕಸ್ ಹಕ್ಕಿ ಹಾರುವುದನ್ನು ನೋಡಿ ಶಕುನ ಹೇಳುತ್ತಿದ್ದ. ಬಲಕ್ಕೆ ಹಾರಿದರೆ ಶುಭ, ಎಡಕ್ಕಾದರೆ ಅಶುಭ. ಹೆಂಡತಿ ಲೈಸಿಲ್ಲಾ ಮೆಗಾರಾದ ತವರಿಗೆ ಹೋಗುತ್ತೇನೆಂದಾಗಲೆಲ್ಲ ಹಾಳು ಹಕ್ಕಿಗಳು ಎಡಕ್ಕೇ ಹಾರುತ್ತಿದ್ದವು. ಮದುವೆಯಾದಾಗಿನಿಂದ ಅವಳು ಹೊಸ್ತಿಲು ದಾಟಿದ್ದು ನೀರು ತರಲಿಕ್ಕೆ ಮಾತ್ರ.

ಅಮ್ಮ ಹಾಸಿಗೆ ಹಿಡಿದಿದ್ದಾಳೆಂದು ತವರಿನಿಂದ ಸುದ್ದಿ ಬಂದ ಬೆಳಿಗ್ಗೆ, ಅಂಗಳದಲ್ಲಿ ನಿಂತಿದ್ದ ಲೈಸಿಲ್ಲಾಳ ಬಲಕ್ಕೇ ಗಿಡುಗವೊಂದು ಹಾರಿತು.

"ನೋಡಿದ್ರಾ, ಬಲಕ್ಕೆ ಹೋಯ್ತು. ನಾನು ಹೊರಡ್ತೀನಿ."

"ಬಾಗಿಲ ಕಡೆ ತಿರುಗಿ ನಿಂತ್ಕೊಂಡು ನೋಡಿದ್ರೆ ಆಯ್ತಾ?" ಎಂದು ಟೆಲೆನಿಕಸ್ ಭುಜ ಹಿಡಿದು ಅವಳನ್ನು ಹಿಂದಿನ ಗೋಡೆಯ ಕಡೆಗೆ ತಿರುಗಿಸಿದ. "ಈಗ ಹೇಳು."

ಗಿಡುಗ ಇನ್ನೂ ಕಾಣುತ್ತಿತ್ತು, ಎಡಕ್ಕೆ.

"ಹೋದ ತಿಂಗಳು ನೀವು ಪ್ರಯಾಣ ಹೊರಟಾಗ ಬಾಗಿಲಿಗೇ ಮುಖ ಮಾಡಿ ನೋಡಿದ್ರಲ್ಲ?"

"ಹೊರಡೋರು ಬಾಗಿಲಿಗೆ ಮುಖ ಮಾಡ್ಬೇಕು ಕಣೇ," ಎಂದ ಅವನು, ಸಮಾಧಾನವಾಗಿಯೇ. "ನೀನೆಲ್ಲಿ ಹೊರಟಿದ್ದೀಯ?"