ನಾನು ಸರ್ವರ್ ಬಂದ್ ಮಾಡಲಿಲ್ಲ

ಕಮಲಾಪುರದ ಒಂದು ಪದವಿ ಕಾಲೇಜನ್ನು ನಮ್ಮ ಸಂಸ್ಥೆ ವಹಿಸಿಕೊಂಡ ವರ್ಷದ ಮಾತಿದು. ಕಲಬುರಗಿಯ ಖಾಸಗಿ ಕಾಲೇಜೊಂದರಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಕೆಲಸ ಗುತ್ತಿಗೆಯದು. ಜೂನ್ ಬಂದಾಗ ಆಡಳಿತಾಧಿಕಾರಿಗಳು ಸಹಿ ಹಾಕಿದರೆ ಮುಂದುವರಿಕೆ, ಇಲ್ಲವಾದರೆ ಮನೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಶಹಾಬಜಾರದ ನಮ್ಮ ಗಲ್ಲಿಯಲ್ಲಿ ಮೊದಲಿಂದಲೂ ಹೆಸರಿದೆ, ನಾನೇನು ಅದನ್ನು ಅಲ್ಲಗಳೆಯುವುದಿಲ್ಲ.

ಆ ದಿನ ಮಧ್ಯಾಹ್ನ ಎರಡಕ್ಕೆ ಪರೀಕ್ಷೆ. ಕಮಲಾಪುರದ ಮಕ್ಕಳಿಗೂ ಕೇಂದ್ರ ನಮ್ಮಲ್ಲೇ. ಅವರ ವಿವರಗಳೆಲ್ಲ ನಮ್ಮ ಸರ್ವರ್‌ಗೆ ಸೇರಿದ ಮೇಲೆಯೇ ಹಾಲ್ ಟಿಕೆಟ್ ಅಚ್ಚಾಗಬೇಕು. ಅದಕ್ಕೆ ಒಪ್ಪಿಗೆ ಬಂದದ್ದೇ ಕೊನೆಯ ಗಳಿಗೆಯಲ್ಲಿ. ಬೆಳಿಗ್ಗೆ ಬಂದವಳೇ ಕೆಲಸ ಚಾಲೂ ಮಾಡಿದೆ. ಅಷ್ಟರಲ್ಲಿ ಮಕ್ಕಳು ಬಸ್ಸಿಳಿದು ಬಂದು ಅಂಗಳದ ಬೇವಿನ ಮರದ ಕೆಳಗೆ ಪುಸ್ತಕ ಬಿಚ್ಚಿ ಕುಳಿತಿದ್ದರು. ಹತ್ತೂವರೆಯ ಹೊತ್ತಿಗೆ, ಎಷ್ಟು ಮಕ್ಕಳ ವಿವರ ಸೇರಿತು ಎಂದು ತೋರಿಸುವ ಅಂಕಿ ಪರದೆಯ ಮೇಲೆ ನಿಂತುಬಿಟ್ಟಿತು.

ನಮ್ಮಲ್ಲಿ ಯಾವ ಯಂತ್ರ ನಿಂತರೂ ಒಂದೇ ಮದ್ದು. ಆಡಳಿತಾಧಿಕಾರಿಗಳು ಬಂದು ಅದನ್ನೇ ಹೇಳಿದರು.

"ಸಿಕ್ಕೊಂಡದಲ್ಲ, ಬಂದ್ ಮಾಡಿ ಚಾಲೂ ಮಾಡು. ಇಷ್ಟೂ ಗೊತ್ತಾಗಲ್ಲೇನು ನಿನಗ?"

ನನಗೆ ಮೈ ಉರಿಯಿತು. ಸರ್ವರ್ ಒಳಗೆ ಯಾವ ಯಾವ ಕೆಲಸ ನಡೆದಿದೆ, ಎಲ್ಲಿಗೆ ಬಂದಿದೆ, ಯಾವುದು ಯಾರಿಂದ ತಡೆದಿದೆ ಎಂದು ತೋರಿಸುವ ಇನ್ನೊಂದು ಪರದೆ ನನ್ನ ಪಕ್ಕದಲ್ಲೇ ಇತ್ತು. ಅದರ ಪ್ರಕಾರ ಮುಕ್ಕಾಲು ಪಾಲು ಕೆಲಸ ಮುಗಿದು, ಉಳಿದದ್ದು ಯಾರಿಗೋ ಕಾದು ನಿಂತಿತ್ತು. ಈಗ ಬಂದ್ ಮಾಡಿದರೆ ಸರ್ವರ್ ಮೊದಲು ಆದದ್ದನ್ನೆಲ್ಲ ಬಿಚ್ಚಿಹಾಕುತ್ತದೆ, ಆಮೇಲೆ ನಾವು ಮತ್ತೆ ಮೊದಲಿಂದ ಶುರು ಮಾಡಬೇಕು. ಅಷ್ಟರಲ್ಲಿ ಪರೀಕ್ಷೆಯ ಗಂಟೆ ಹೊಡೆದಿರುತ್ತದೆ. ಇದನ್ನೆಲ್ಲ ಸಾಹೇಬರಿಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಜವಾನನನ್ನು ಕರೆದು ಪ್ಲಗ್ ಕೀಳಲು ಹೇಳಿದರು.

ನಾನು ಕುರ್ಚಿ ಎಳೆದುಕೊಂಡು ಹೋಗಿ ಪ್ಲಗ್‌ಗೆ ಬೆನ್ನು ಕೊಟ್ಟು ಕುಳಿತೆ.

"ಅದು ಸತ್ತಿಲ್ರೀ ಸರ್, ಕಾಯ್ಲಾಕತ್ತದ. ಬಂದ್ ಮಾಡೂದೇ ಖರೆ ಆದ್ರ ಬರದು ಸಹಿ ಮಾಡಿ ಕೊಡ್ರಿ. ನಾನೇ ಕೈಯಾರ ಕೀಳ್ತೀನಿ."

"ಜೂನ್ ದೂರ ಇಲ್ಲ, ನೆನಪದ ಇಲ್ಲೋ?" ಎಂದರು ಅವರು.

"ಅದರ ಆರ್ಡರೂ ಸಂಗಟೇ ಬರದು ಕೊಡ್ರಿ" ಎಂದೆ.

ಸಾಹೇಬರು ಜೇಬಿನ ಪೆನ್ನು ಮುಟ್ಟಿ ನೋಡಿದರೇ ಹೊರತು ಹೊರಗೆ ತೆಗೆಯಲಿಲ್ಲ.

ಕೀಳಲು ಬಂದಿದ್ದ ಜವಾನನನ್ನೇ ಪ್ಲಗ್ ಬಳಿ ನಿಲ್ಲಿಸಿ, ಯಾರಿಗೂ ಮುಟ್ಟಗೊಡಬೇಡ ಎಂದು ಹೇಳಿ, ಮತ್ತೆ ಪರದೆಯ ಮುಂದೆ ಕುಳಿತೆ. ತಡೆದಿದ್ದು ಕಮಲಾಪುರ ಕಾಲೇಜಿನ ಕಚೇರಿಯ ಕಂಪ್ಯೂಟರ್. ಅಲ್ಲಿ ಒಬ್ಬ ವಿದ್ಯಾರ್ಥಿನಿಯ ವಿವರವನ್ನು ತಿದ್ದಲು ತೆರೆದವರು ಹಾಗೇ ಬಿಟ್ಟಿದ್ದರು. ಅದು ಮುಚ್ಚುವವರೆಗೆ ಸರ್ವರ್ ಮುಂದಕ್ಕೆ ಹೋಗುವಂತಿರಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ಅಲ್ಲಿನ ಗುಮಾಸ್ತ ಶಿವರಾಯಣ್ಣ ಎಲ್ಲಿ ಎಂದು ಕೋಣೆಯಲ್ಲಿದ್ದವರನ್ನು ಕೇಳಿದರೆ, ಮಕ್ಕಳನ್ನು ಕರೆದುಕೊಂಡು ಇಲ್ಲಿಗೇ ಬಂದಿದ್ದಾರಂತೆ. ಕಿಟಕಿಯಿಂದ ಬಗ್ಗಿ ನೋಡಿದೆ. ಹಾಲ್ ಟಿಕೆಟ್ ಯಾಕೆ ಕೊಡುತ್ತಿಲ್ಲ ಎಂದು ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದವರು ಅವರೇ.

ಮೇಲೆ ಕರೆಸಿ ಕೇಳಿದೆ.

"ಹೌದ್ರಿ ಮೇಡಂ, ಒಬ್ಬಾಕಿ ಹುಡುಗೀದು ವಿಷಯ ತಪ್ಪು ಬಿದ್ದಿತ್ತು. ತಿದ್ದೂದ್ರಾಗ ಬಸ್ ಬಂತು. ಯಾರರ ಕೈಯಾಡಿಸಿ ಕೆಡಿಸ್ಯಾರು ಅಂತ ತೆರದೇ ಬಿಟ್ಟು, ರೂಮಿಗಿ ಕೀಲಿ ಹಾಕ್ಕೊಂಡು ಬಂದೀನಿ."

ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದಂತೆ ಅವರು ಆ ವಿವರದ ಮೇಲೆ ಟವೆಲ್ ಹಾಕಿ ಬಂದಿದ್ದರು. ಅದರ ಹಿಂದೆ ಕಮಲಾಪುರದ ಮಕ್ಕಳೆಲ್ಲ ನಿಂತುಕೊಂಡಿದ್ದರು. ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ. ತಿದ್ದುಪಡಿಯನ್ನು ಇಲ್ಲೇ ಹೊಸದಾಗಿ ಮಾಡಿಸುತ್ತೇನೆ ಎಂದು ಅವರಿಗೆ ಮಾತು ಕೊಟ್ಟು, ಅವರು ತೆರೆದಿಟ್ಟಿದ್ದ ಆ ಒಂದು ವಿವರವನ್ನಷ್ಟೇ ಸರ್ವರ್ ಕಡೆಯಿಂದ ಮುಚ್ಚಿದೆ. ಕೂಡಲೇ ಅಂಕಿ ಮೇಲೇರತೊಡಗಿತು. ಸಾಹೇಬರು ಹಿಂದೆ ನಿಂತು ನೋಡುತ್ತಿದ್ದರು.

ಹಾಲ್ ಟಿಕೆಟ್‌ಗಳು ಬಿಸಿಬಿಸಿಯಾಗಿ ಪ್ರಿಂಟರ್‌ನಿಂದ ಬಂದವು. ವಿಷಯ ತಪ್ಪಿದ್ದ ಹುಡುಗಿಯದನ್ನು ಶಿವರಾಯಣ್ಣನೇ ಕೂತು ಸರಿಪಡಿಸಿ, ಕೈಯಲ್ಲಿ ಹಿಡಿದು ಓಡಿದರು. ಗಂಟೆ ಹೊಡೆದಾಗ ಅಂಗಳದಲ್ಲಿ ಒಬ್ಬರೂ ಉಳಿದಿರಲಿಲ್ಲ. ಆಗ ನನಗೆ ಅಳು ಬಂತು, ಯಾಕೆಂದು ಈಗಲೂ ಗೊತ್ತಿಲ್ಲ.

ಮುಂದಿನ ವಾರ ಶಿವರಾಯಣ್ಣ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ತಂದುಕೊಟ್ಟರು. ಜೂನ್‌ನಲ್ಲಿ ಸಾಹೇಬರು ನನ್ನ ಮುಂದುವರಿಕೆಗೆ ಸಹಿ ಹಾಕಿದರು, ಮುಖ ಮಾತ್ರ ನೋಡಲಿಲ್ಲ. ನೋಡದಿದ್ದರೆ ಬಿಡಲಿ.

ಇಂದಿಗೂ ಯಾರಾದರೂ ನನ್ನ ಕೋಣೆಗೆ ಬಂದು ಬಂದ್ ಮಾಡಿ ಚಾಲೂ ಮಾಡು ಎಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಒಂದು ಬಿಳಿ ಹಾಳೆ, ಒಂದು ಪೆನ್ನು ಅವರ ಮುಂದೆ ಇಡುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಬರೆದಿಲ್ಲ.