ಬರಗಡಿ ಮುರಿದ ಬೇಸಿಗೆ

ಪಕ್ಕೆಲುಬಿಗೆ ನಮ್ಮ ಕಡೆ ಬರಗಡಿ ಎನ್ನುತ್ತಾರೆ. ನನ್ನ ಎಡಗಡೆಯ ಮೂರು ಬರಗಡಿ ಮುರಿದದ್ದು ಐವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಆಗ ನನಗೆ ಇಪ್ಪತ್ಮೂರು ವರ್ಷ. ಅಕ್ಕಲಕೋಟೆಯ ಒಂದು ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಅಣ್ಣ ಸೊಲ್ಲಾಪುರದ ಒಂದು ಕಚೇರಿಯಲ್ಲಿ ಕಾರಕೂನ, ನನಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ತೀರಿಕೊಂಡಾಗ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಮುಂದೆ ನನ್ನನ್ನು ಓದಿಸಿ ಮಾಸ್ತರನನ್ನಾಗಿ ಮಾಡಿದವನು ಅಣ್ಣನೇ. ಅದನ್ನು ನಾನು ಯಾವತ್ತೂ ಮರೆತವನಲ್ಲ. ಮರೆಯಲು ಅವನೂ ಬಿಡುತ್ತಿರಲಿಲ್ಲ. ಅವ್ವ ಅವನ ಮನೆಯಲ್ಲೇ ಇದ್ದಳು.

ಹೋಳಿ ಹುಣ್ಣಿಮೆ ಮುಗಿದ ವಾರ ಅಣ್ಣನ ಕಾರ್ಡು ಬಂತು. ಊರೊಳಗಿನ ಹಳೆಯ ವಾಡೆಯ ಮಾಳಿಗೆಯ ಮೇಲಿನ ಎರಡು ಖೋಲಿ ಬಿಟ್ಟು, ವಿಜಾಪುರ ರಸ್ತೆಯ ಕಡೆ ಹೊಸದಾಗಿ ಕಟ್ಟಿದ ಮನೆಯೊಂದಕ್ಕೆ ಬಾಡಿಗೆಗೆ ಹೋಗುವವರಿದ್ದರು. ರವಿವಾರ ಬಂದುಬಿಡು, ಸಾಮಾನು ಸಾಗಿಸಬೇಕು ಎಂದು ಬರೆದಿದ್ದ. ಬರುತ್ತೀಯಾ ಎಂದು ಕೇಳಿರಲಿಲ್ಲ. ನಾನು ಬೆಳಗಿನ ಮೊದಲ ಎಸ್‌ಟಿ ಬಸ್ಸಿಗೇ ಹೊರಟೆ.

ಅವರ ಮನೆಯಲ್ಲಿ ಇದ್ದ ಭಾರಿ ಸಾಮಾನೆಂದರೆ ಒಂದೇ, ವೈನಿ, ಅಂದರೆ ಅಣ್ಣನ ಹೆಂಡತಿ, ತವರಿನಿಂದ ತಂದ ಸಾಗವಾನಿ ಕಪಾಟು. ಬಾಗಿಲಿಗೆ ಆಳೆತ್ತರದ ಕನ್ನಡಿ ಕೂರಿಸಿದ್ದರು. ವಾಡೆಯ ಮೆಟ್ಟಿಲು ಇಕ್ಕಟ್ಟು, ಕಡಿದು, ನಡುವೆ ಒಂದು ತಿರುವು. "ಇಬ್ಬರು ಹಮಾಲರನ್ನ ಕರೀತೀನಿ ಅಣ್ಣಾ" ಎಂದೆ.

"ಹಮಾಲರು ಯಾಕ? ಅವರು ಗ್ವಾಡಿಗಿ ಬಡದು ಒಡೀತಾರ. ನಾವಿಬ್ರು ಗಂಡಸರು ಇಲ್ಲೇನು?" ಎಂದ ಅಣ್ಣ.

ಕೆಳಗಿನ ತುದಿ ಹಿಡಿದವನು ನಾನು. ಮೇಲಿನ ತುದಿ ಅಣ್ಣನದು. ಒಂದೊಂದೇ ಮೆಟ್ಟಿಲು ಹಿಂದುಹಿಂದಕ್ಕೆ ಇಳಿಯುತ್ತಾ ತಿರುವಿಗೆ ಬಂದೆ. ನನ್ನ ಬೆನ್ನು ಗೋಡೆಗೆ ಹತ್ತಿತು. ಸ್ವಲ್ಪ ನಿಲ್ಲು ಎನ್ನಬೇಕು ಎಂದು ತಲೆ ಎತ್ತಿದಾಗ ಅಣ್ಣನ ಚಷ್ಮಾ ಬೆವರಿಗೆ ಮೂಗಿನ ಮೇಲಿಂದ ಜಾರುತ್ತಿತ್ತು. ಅದನ್ನು ಮೇಲಕ್ಕೆ ಸರಿಸಲು ಅವನು ಒಂದು ಕೈ ಬಿಟ್ಟ. ಇನ್ನೊಂದು ಕೈಗೆ ಆ ಭಾರ ತಡೆಯಲಿಲ್ಲ. ಕಪಾಟು ಜಾರಿ ಬಂದು ಅದರ ಮೂಲೆ ನನ್ನ ಎದೆಯ ಎಡಭಾಗಕ್ಕೆ ನೆಟ್ಟಿತು. ಹಿಂದೆ ಗೋಡೆ, ಮುಂದೆ ಸಾಗವಾನಿ. ಒಣಗಿದ ಜೋಳದ ದಂಟು ಮುರಿದಂಥ ಸಣ್ಣ ಸಪ್ಪಳ. ಅದು ಕಿವಿಗೆ ಕೇಳಿಸಿತೋ ಮೈಯೊಳಗೇ ಕೇಳಿಸಿತೋ ಈಗಲೂ ಹೇಳಲಾರೆ.

"ಕನ್ನಡಿ! ಮೊದಲ ಕನ್ನಡಿ ನೋಡೋ! ಒಡದದೇನು?" ಎಂದು ಅಣ್ಣ ಮೇಲಿನಿಂದ ಕೂಗಿದ.

ನನಗೆ ಉಸಿರು ಹೊರಡಲಿಲ್ಲ. ಬಾಯಿ ತೆರೆದರೆ ಗಾಳಿ ಒಳಗೆ ಹೋಗುವುದಿಲ್ಲ. ಹಾಗೇ ಕತ್ತು ವಾಲಿಸಿ ಕನ್ನಡಿ ನೋಡಿದೆ. ಸ್ವಲ್ಪ ಹೊತ್ತಿಗೆ ದನಿ ಬಂತು. "ಏನೂ ಆಗಿಲ್ಲ" ಎಂದೆ. ಅದು ಕನ್ನಡಿಯ ಮಾತು. ಅಣ್ಣ ಅದನ್ನೇ ನನ್ನ ಬಗ್ಗೆಯೂ ಹೇಳಿದ್ದೆಂದು ತಿಳಿದುಕೊಂಡ. ಬೇರೆ ಏನೂ ಕೇಳಲಿಲ್ಲ.

ಆಮೇಲೆ ಅದೇ ಕೆಳಗಿನ ತುದಿ ಹಿಡಿದು ನಾನೇ ಆ ಕಪಾಟನ್ನು ಕೆಳಗಿಳಿಸಿದೆ. ಕೈಗಾಡಿಯಲ್ಲಿ ಮೂರು ಸಲ ಸಾಮಾನು ಹೋಯಿತು, ಮೂರು ಸಲವೂ ಗಾಡಿ ದಬ್ಬಿದೆ. ಎಡಗೈಗೆ ಕೆಲಸ ಹೇಳದೆ ಬಲಗೈಯಿಂದಲೇ ಎತ್ತಿದೆ. ಸಂಜೆ ಹೊಸ ಮನೆಯಲ್ಲಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ಬಗ್ಗಲಾಗಲಿಲ್ಲ. ಅವ್ವ ನೋಡಿದಳು. "ಅರಿಶಿಣ ಬಿಸಿ ಮಾಡಿ ಹಚ್ಚಿಕೋ" ಎಂದಳು. ಅಷ್ಟೇ. ನಾನು ರಾತ್ರಿ ನಿಲ್ಲದೆ ಕೊನೆಯ ಬಸ್ಸು ಹಿಡಿದೆ. ಅಕ್ಕಲಕೋಟೆಯ ರಸ್ತೆಯ ಒಂದೊಂದು ತಗ್ಗೂ ನನ್ನ ಪಕ್ಕೆಯಲ್ಲಿ ಲೆಕ್ಕವಾಯಿತು.

ಕೈಯೋ ಕಾಲೋ ಮುರಿದರೆ ನಾಲ್ಕು ಜನಕ್ಕೆ ಕಾಣುತ್ತದೆ. ಬರಗಡಿ ಮುರಿದದ್ದು ಯಾರಿಗೂ ಕಾಣುವುದಿಲ್ಲ. ಅಂಗಿ ತೆಗೆದರೆ ಅಂಗೈಯಷ್ಟು ಅಗಲದ ನೀಲಿ ಕಲೆ, ಅಷ್ಟೇ. ಆದರೆ ಸೀನು ಬಂದರೆ ಕಣ್ಣು ಕತ್ತಲೆ ಬರುತ್ತಿತ್ತು. ಕೆಮ್ಮು ಬಂದರೆ ನುಂಗುತ್ತಿದ್ದೆ. ಮಲಗಿದರೆ ಏಳಲಾಗದು, ಹಾಗಾಗಿ ಟ್ರಂಕಿಗೆ ಒರಗಿ ಕೂತೇ ನಿದ್ದೆ. ತರಗತಿಯಲ್ಲಿ ಮಗ್ಗಿ ಹೇಳಿಸಲು ದನಿ ಏಳುತ್ತಿರಲಿಲ್ಲ. ಬೋರ್ಡಿನ ಮೇಲ್ಭಾಗಕ್ಕೆ ಕೈ ನಿಲುಕುತ್ತಿರಲಿಲ್ಲ, ಅರ್ಧ ಬೋರ್ಡಿನ ಕೆಳಗೇ ಬರೆಯುತ್ತಿದ್ದೆ. ಹುಡುಗರು ನಕ್ಕರು. ನಾನೂ ನಗಲು ಹೋಗಿ ಬೆಂಚು ಹಿಡಿದುಕೊಂಡೆ.

ನಾನಿದ್ದ ಖೋಲಿಯ ಮಾಲೀಕರು ಒಬ್ಬ ಮುದುಕ ಪೈಲವಾನರು. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳಲ್ಲೆಲ್ಲ ಕುಸ್ತಿ ಹಿಡಿದವರು. ಆಗ ಮುದುಡಿದ ಕಿವಿ, ಬಾಗಿದ ಮೊಣಕಾಲು ಬಿಟ್ಟರೆ ಆ ವೈಭವದ ಗುರುತೇನೂ ಉಳಿದಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ನನ್ನನ್ನೇ ನೋಡುತ್ತಾ ಕೂತಿದ್ದರು.

"ಮಾಸ್ತರ, ನಿಮ್ಮ ಉಸರು ನೀವs ಕಳ್ಳರಂಗ ಯಾಕ ತಗೊಳ್ಳಾಕತ್ತೀರಿ?"

"ಏನಿಲ್ಲರಿ, ಜರಾ ನರ ಹಿಡದದ."

"ಅಂಗಿ ತೆಗೀರಿ."

ಒಂದು ಅಂಗೈ ಎದೆಯ ನಡುವಿನ ಎಲುಬಿನ ಮೇಲೆ, ಇನ್ನೊಂದು ಬೆನ್ನ ಮೇಲೆ ಇಟ್ಟು ಎರಡನ್ನೂ ಮೆಲ್ಲಗೆ ಒತ್ತಿದರು. ನೋವಿದ್ದ ಜಾಗವನ್ನು ಮುಟ್ಟಲೇ ಇಲ್ಲ. ಆದರೂ ಎಡಪಕ್ಕೆಯಲ್ಲಿ ಚಾಕು ಹಾಕಿದಂತಾಗಿ ನಾನು ಚೀರಿದೆ. ಅವರು ಕೈ ತೆಗೆದರು.

"ಇಲ್ಲಿ ಒತ್ತಿದ್ರ ಅಲ್ಲಿ ನೋಯ್ತದಂದ್ರ ಅದು ನರ ಅಲ್ಲರಿ. ಬರಗಡಿ ಮುರದದ. ನನ್ನವು ಎರಡ ಸಲ ಮುರದಾವ, ನನಗ ಗೊತ್ತದ. ನಾಳಿಗೇ ಸೊಲ್ಲಾಪುರಕ್ಕ ಹೋಗಿ ದವಾಖಾನ್ಯಾಗ ಎಕ್ಸರೇ ಫೋಟೋ ತಗಸರಿ. ಒಳಗ ಪುಪ್ಪಸಕ್ಕ ಚುಚ್ಚಿತಂದ್ರ ಭಾಳ ಕೆಡಕು."

ನಾನು ಸಾಲೆಗೆ ರಜೆಯ ಅರ್ಜಿ ಕೊಟ್ಟು ಹೋದೆ. ನೇರ ದವಾಖಾನೆಗೆ ಹೋಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅಣ್ಣನಿಗೆ ಹೇಳದೆ ಹೋಗುವುದು ಸರಿಯಲ್ಲ ಎಂದುಕೊಂಡು ಅವನ ಮನೆಗೆ ಹೋದೆ. ಅಣ್ಣನಿಗೆ ಹೇಳದೆ ಏನನ್ನೂ ಮಾಡಿ ರೂಢಿಯೇ ಇರಲಿಲ್ಲ ನನಗೆ.

"ಫೋಟೋ ಯಾಕೋ? ದವಾಖಾನಿ ಮಂದಿ ಸುಮ್ಮ ಹೆದರಸ್ತಾರ. ನನ್ನ ಗುರುತಿನವರೊಬ್ರು ಇದ್ದಾರ, ಎಷ್ಟ ಮಂದೀದು ಕೈಕಾಲು ಕೂಡಿಸ್ಯಾರ" ಎಂದ.

ಆ ಗುರುತಿನವರು ನನ್ನ ಎದೆಗೆ ತತ್ತಿಯ ಬಿಳಿ ಕಲಸಿದ ಕಪ್ಪು ಲೇಪ ಬಳಿದು, ಅಗಲವಾದ ಬಟ್ಟೆಯ ಪಟ್ಟಿಯನ್ನು ಸುತ್ತಿಸುತ್ತಿ ಬಿಗಿದರು. ಒಂದು ತುದಿಯನ್ನು ಅಣ್ಣ ಜಗ್ಗಿ ಹಿಡಿದಿದ್ದ. ಮೊದಲ ಎರಡು ದಿನ ನಿಜಕ್ಕೂ ಹಿತವೆನಿಸಿತು. ಎದೆ ಅಲ್ಲಾಡದಿದ್ದರೆ ನೋವೂ ಇಲ್ಲ. ಆದರೆ ಎದೆ ಅಲ್ಲಾಡದಿದ್ದರೆ ಉಸಿರೂ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಗಂಟಲಿನ ಮಟ್ಟಕ್ಕೆ ಗಾಳಿ ಎಳೆದುಕೊಂಡು, ಕಫ ಬಂದರೆ ಒಳಗೇ ಇಟ್ಟುಕೊಂಡು ಅಣ್ಣನ ಮನೆಯಲ್ಲೇ ಆರು ದಿನ ಕಳೆದೆ. ಏಳನೆಯ ದಿನ ಜ್ವರ ಬಂತು.

ಜ್ವರದ ಎರಡನೆಯ ದಿನ, ಮಧ್ಯಾಹ್ನ, ಹೊರಗಿನ ಖೋಲಿಯಲ್ಲಿ ಕೂತಿದ್ದೆ. ಒಳಗೆ ಅಣ್ಣ ಉಣ್ಣುತ್ತಿದ್ದ, ಅವ್ವ ಬಡಿಸುತ್ತಿದ್ದಳು. ಹೊಸ ಮನೆಯ ಗೋಡೆಗಳು ತೆಳು.

"ಸಾಲಿಗಿ ಹೋಗಾಕ ಬ್ಯಾಸರ ಬಂದದ ಅವಗ" ಎನ್ನುತ್ತಿದ್ದ ಅಣ್ಣ. "ಕೈ ಮುರದಿಲ್ಲ, ಕಾಲು ಮುರದಿಲ್ಲ, ಒಂದ ಹನಿ ರಕ್ತ ಬಂದಿಲ್ಲ. ಎಂಟ ದಿನ ಆತು ಕುಂತ ಉಣ್ಣಾಕತ್ತು. ನಾಟಕ ಮಾಡಾಕತ್ಯಾನ."

ನಾನು ಅವ್ವನ ಮಾತಿಗೆ ಕಾದೆ. ಪಾತ್ರೆಯ ಸಪ್ಪಳವಾಯಿತು. ಆಮೇಲೆ ಅವಳ ದನಿ.

"ಸಣ್ಣಾಂವಿದ್ದಾಗಿಂದೂ ಅಂವ ಹಂಗs. ಜರಾ ನೋವಾದ್ರ ಭಾಳ ಮಾಡ್ತಾನ."

ನಾನು ಎದ್ದೆ. ಚಪ್ಪಲಿ ಮೆಟ್ಟಿ, ಗೋಡೆ ಹಿಡಿದುಕೊಂಡು ರಸ್ತೆಗೆ ಬಂದೆ. ಬಿಸಿಲು ಉರಿಯುತ್ತಿತ್ತು. ಒಂದು ಟಾಂಗಾ ನಿಲ್ಲಿಸಿ ದೊಡ್ಡ ದವಾಖಾನೆ ಎಂದೆ. ಟಾಂಗಾದವನು ನನ್ನ ಮುಖ ನೋಡಿ ಕುದುರೆಯನ್ನು ಓಡಿಸಲಿಲ್ಲ, ನಡೆಸಿದ. ಆ ದಿನ ನನ್ನ ಮೇಲೆ ಕರುಣೆ ತೋರಿದ ಮೊದಲ ಮನುಷ್ಯ ಅವನು. ಅವನ ಮುಖ ನೆನಪಿಲ್ಲ.

ಅಲ್ಲಿಯ ಡಾಕ್ಟರು ಕತ್ತರಿ ತರಿಸಿ ಪಟ್ಟಿಯನ್ನು ಕತ್ತರಿಸಿದರು. ಮರಾಠಿಯಲ್ಲಿ ಚೆನ್ನಾಗಿ ಬೈದರು. ಎದೆಯೇನು ಧಾನ್ಯದ ಚೀಲವೇ, ಹೀಗೆ ಬಾಯಿ ಬಿಗಿದು ಕಟ್ಟಲು ಎಂದರು. ಫೋಟೋದಲ್ಲಿ ಮೂರು ಬರಗಡಿ ಸೀಳಿದ್ದು ನನಗೇ ಕಾಣಿಸಿತು, ಬಿಳಿ ಗೆರೆಯ ಮೇಲೆ ಕೂದಲೆಳೆಯಷ್ಟು ಕಪ್ಪು. ಎಲುಬು ತಾನಾಗಿಯೇ ಕೂಡುತ್ತದೆ, ಅದಕ್ಕೆ ಪಟ್ಟಿಯೂ ಬೇಡ ಲೇಪವೂ ಬೇಡ, ಆರು ವಾರ ಭಾರ ಎತ್ತದಿದ್ದರೆ ಸಾಕು ಎಂದರು. ಅವರ ಚಿಂತೆ ಎಲುಬಿನದಲ್ಲ. ಗಾಳಿಯಾಡದೆ ಪುಪ್ಪಸದ ಕೆಳಭಾಗದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ಪೆನ್ಸಿಲಿನ್ ಸೂಜಿ ಶುರುವಾಯಿತು. ಇನ್ನು ನಾಲ್ಕು ದಿನ ತಡವಾಗಿದ್ದರೆ ಎಂದು ಹೇಳಿ ಅವರು ಮಾತು ಅಲ್ಲಿಗೇ ಬಿಟ್ಟರು.

ವಾರ್ಡಿನ ಹಿರಿಯ ನರ್ಸಬಾಯಿ ನನಗೆ ಕೆಮ್ಮುವುದನ್ನು ಕಲಿಸಿದಳು. ತಲೆದಿಂಬನ್ನು ಪಕ್ಕೆಗೆ ಒತ್ತಿ ಅಪ್ಪಿಕೊಂಡು, ಆಮೇಲೆ ಕೆಮ್ಮಬೇಕು. ತಾಸಿಗೊಮ್ಮೆ ಹತ್ತು ಸಲ ಎದೆ ತುಂಬ ಉಸಿರು ಎಳೆಯಬೇಕು, ಎಷ್ಟೇ ನೋಯಲಿ. ಕಫದಲ್ಲಿ ರಕ್ತ ಕಂಡರೆ, ಉಸಿರು ಸಿಕ್ಕದಂತಾದರೆ ಕೂಡಲೇ ಕೂಗಬೇಕು. ಆ ಹತ್ತು ಉಸಿರಿಗೆ ನನಗೆ ಕಣ್ಣೀರು ಬರುತ್ತಿತ್ತು. ಅವಳು ಮುಂದೆ ನಿಂತು ಎಣಿಸುತ್ತಿದ್ದಳು, ಒಂಬತ್ತಕ್ಕೆ ಬಿಡುತ್ತಿರಲಿಲ್ಲ.

ಮೊದಲು ನೋಡಲು ಬಂದವರು ಪೈಲವಾನರು. ಅಣ್ಣನಿಗೆ ದವಾಖಾನೆಯಿಂದ ಸುದ್ದಿ ಹೋಗಿತ್ತು. ಆದರೂ ಅವನಿಗಿಂತ ಮುಂಚೆ ಇವರು, ನಾನು ವಾರ್ಡಿನಿಂದ ಬರೆದ ಕಾರ್ಡು ಕೈಗೆ ಬಂದ ದಿನವೇ, ಅಕ್ಕಲಕೋಟೆಯಿಂದ ಬಸ್ಸು ಹತ್ತಿ ಬಂದರು. ಅರಿವೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. "ಉಸರು ತಗೋರಿ ಮಾಸ್ತರ, ನಿಮ್ಮದs ಅದು" ಎಂದು ಹೇಳಿ ಹೋದರು.

ಅಣ್ಣ ನಾಲ್ಕನೆಯ ದಿನ ಬಂದ, ಅವ್ವನನ್ನು ಕರೆದುಕೊಂಡು. ಮಂಚದ ಕಾಲಕಡೆ ನಿಂತು, "ಅಷ್ಟ ನೋವಿತ್ತಂದ್ರ ಹೇಳಬಾರದೇನೋ?" ಎಂದ. ಅಷ್ಟರಲ್ಲಿ ಡಾಕ್ಟರು ಬಂದರು. ನಾನು ಜ್ವರದಲ್ಲಿ ಬಂದಾಗ ಕೇಸ್ ಪೇಪರಿನಲ್ಲಿ ಪೆಟ್ಟು ಬಿದ್ದ ಕಾರಣ ಬರೆದಿರಲಿಲ್ಲವಂತೆ, ಈಗ ಕೇಳಿದರು. ಅಣ್ಣ ನನ್ನ ಕಡೆ ನೋಡಲಿಲ್ಲ. ಅಳುಕಲೂ ಇಲ್ಲ.

"ಮೆಟ್ಟಲದಾಗ ಜಾರಿ ಬಿದ್ದಾನ್ರಿ. ಲಕ್ಷ ಇರಲ್ಲ ಅವಂದು" ಎನ್ನುವ ಅರ್ಥದಲ್ಲಿ ಮರಾಠಿಯಲ್ಲಿ ಹೇಳಿದ.

ಡಾಕ್ಟರು ನನ್ನ ಕಡೆ ತಿರುಗಿ, ಹೌದೇ ಎಂದರು. ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಹೌದು ಎಂದೆ. ಡಾಕ್ಟರು ಬರೆದುಕೊಂಡರು. ಈ ಒಂದು ಮಾತಿಗೆ ನನ್ನ ಮೇಲೆ ನನಗಿರುವ ಸಿಟ್ಟು, ಅಣ್ಣನ ಮೇಲಿನದಕ್ಕಿಂತ ಕಡಿಮೆಯೇನಲ್ಲ.

ಹನ್ನೊಂದು ದಿನಕ್ಕೆ ಬಿಡುಗಡೆಯಾಯಿತು. ನಾನು ವಿಜಾಪುರ ರಸ್ತೆಗೆ ಹೋಗಲಿಲ್ಲ. ಸೀದಾ ಅಕ್ಕಲಕೋಟೆಗೆ ಬಂದೆ. ಪೈಲವಾನರು ನನಗೆ ನೀರಿನ ಕೊಡ ಎತ್ತಗೊಡಲಿಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲಿ ಕೂರಿಸಿ ಉಸಿರು ಎಳೆಸುತ್ತಿದ್ದರು, ತಮ್ಮ ಹಳೆಯ ಶಿಷ್ಯರನ್ನು ಗದರಿದ ಹಾಗೆ ಗದರುತ್ತಿದ್ದರು. ನಾಲ್ಕನೆಯ ವಾರ ಎಡಮಗ್ಗುಲಿಗೆ ಹೊರಳಿದೆ. ಏಳನೆಯ ವಾರ ಒಂದು ಸೀನು ಬಂತು, ಬಂದು ಹೋಯಿತು, ಬರೀ ಸೀನಾಗಿ. ಬೇಸಿಗೆ ರಜೆ ಮುಗಿದು ಸಾಲೆ ತೆರೆದಾಗ ಬೋರ್ಡಿನ ಮೇಲ್ತುದಿಯವರೆಗೂ ಬರೆದೆ.

ಆ ವರ್ಷ ದೀಪಾವಳಿ ಆದ ಮೇಲೆ ಅವ್ವ ಮಠದ ದರ್ಶನಕ್ಕೆಂದು ಅಕ್ಕಲಕೋಟೆಗೆ ಬಂದಳು. ನನ್ನ ಖೋಲಿಯಲ್ಲಿ ಎರಡು ದಿನ ಇದ್ದಳು. ಎರಡನೆಯ ದಿನ ಮಧ್ಯಾಹ್ನ ಅವಳು ಶೇಂಗಾ ಸುಲಿಯುತ್ತಾ ಕೂತಿದ್ದಾಗ ನಾನು ಬಾಯಿ ಬಿಟ್ಟೆ. ನಾನು ಜಾರಿ ಬಿದ್ದಿರಲಿಲ್ಲ ಅವ್ವಾ, ಅಣ್ಣ ಕೈ ಬಿಟ್ಟಿದ್ದ ಎಂದೆ. ಅವಳಿಗೆ ಆಘಾತವಾಗುತ್ತದೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದ" ಎಂದಳು. "ನಾ ಮ್ಯಾಲ ಬಾಗಲದಾಗs ನಿಂತಿದ್ದೆ. ಅಂವ ಕೈ ಬಿಟ್ಟದ್ದು ನೋಡೀನಿ."

"ಮತ್ತ ಯಾಕ ಅನ್ನಲಿಲ್ಲ? ಅಂವ ನಾಟಕ ಅಂದಾಗ ನೀನೂ ಹೂಂ ಅಂದಿ. ಡಾಕ್ಟರ ಮುಂದನೂ ಸುಮ್ಮನ ನಿಂತಿ."

ಅವಳು ಆಗ ತಲೆ ಎತ್ತಿದಳು. "ಅಂದು? ಅಂದಮ್ಯಾಲ ನಾ ಯಾರ ಮನ್ಯಾಗ ಇರ್ಲಿ, ಹೇಳು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು. ಆ ಪ್ರಶ್ನೆಗೆ ಒಂದೇ ಉತ್ತರವಿತ್ತು, ಇಲ್ಲೇ ಇರು ಅನ್ನುವುದು. ನನಗೆ ಅದು ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಳೆಯಿತು. ಒಂದೇ ಖೋಲಿ, ನಾಳೆ ಮದುವೆಯಾದರೆ ಹೇಗೆ, ಅಣ್ಣ ಏನಂದಾನು, ಹೀಗೆಲ್ಲ ಅದರ ಹಿಂದೆಯೇ ಹೊಳೆಯಿತು. ನಾನು ಗೋಡೆ ನೋಡಿದೆ. ಅವಳು ಸ್ವಲ್ಪ ಹೊತ್ತು ಕಾದಳು ಎಂದೇ ನನಗೆ ಈಗಲೂ ಅನಿಸುತ್ತದೆ. ಆಮೇಲೆ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ಮರುದಿನ ಬಸ್ಸು ಹತ್ತಿಸಿದೆ. ಕಿಟಕಿಯಿಂದ, "ಮೈ ಕಡೆ ಲಕ್ಷ ಇರ್ಲಿ" ಎಂದಳು. ಹೂಂ ಎಂದೆ. ಅವಳು ಕೊನೆಯವರೆಗೂ ಅಣ್ಣನ ಮನೆಯಲ್ಲೇ ಇದ್ದಳು. ದವಾಖಾನೆಯಿಂದ ಬಂದ ಮೇಲೆ ಆ ಮನೆಯಲ್ಲಿ ನಾನು ಒಂದು ರಾತ್ರಿಯೂ ಉಳಿಯಲಿಲ್ಲ ಎಂಬುದನ್ನು ಎಷ್ಟೋ ವರ್ಷ ದೊಡ್ಡ ಸಾಧನೆಯಂತೆ ಇಟ್ಟುಕೊಂಡಿದ್ದೆ. ಅವಳಿಗೆ ಅದರಿಂದ ಏನೂ ಆಗಲಿಲ್ಲ.