ರದ್ದು ಮುದ್ರೆಯ ಶಾಯಿ

ಬೆಳಿಗ್ಗೆ ಚಹಾ ಕೊಡುವಾಗ ನನ್ನ ಹೆಬ್ಬೆರಳು ಹೆಂಡತಿಯ ಕಣ್ಣಿಗೆ ಬಿತ್ತು. "ಎಲ್ಲಿ ಓಟ ಹಾಕಿ ಬಂದ್ರಿ?" ಎಂದಳು. ನೇರಳೆ ಶಾಯಿ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿದೆ. ಸಾಬೂನು ಹಾಕಿದ್ದಾಯಿತು, ಲಿಂಬೆ ಸಿಪ್ಪೆ ತಿಕ್ಕಿದ್ದಾಯಿತು, ಜಪ್ಪಯ್ಯ ಎಂದರೂ ಹೋಗಲೊಲ್ಲದು. ಮೂಸಿದರೆ ಇನ್ನೂ ಅಂಚೆ ಕಚೇರಿಯ ಮುದ್ರೆಯಂಥ ವಾಸನೆ. ಓಟು ಹಾಕಿದವರ ಶಾಯಿ ಎಡಗೈಯ ತೋರುಬೆರಳಿಗಿರುತ್ತದೆ ಎಂದು ವಿವರಿಸಲು ಹೊರಟೆ. ಕೇಳದವರಿಗೂ ವಿವರಿಸುವುದು ಪಾಠ ಹೇಳುವವರ ಹಳೆಯ ಚಟ. ಅವಳು ಅಷ್ಟರಲ್ಲಿ ಒಳಗೆ ಹೋಗಿದ್ದಳು.

ಈ ಶಾಯಿ ನಮ್ಮ ಕಾಲೇಜು ಗ್ರಂಥಾಲಯದ್ದು. ಬನಹಟ್ಟಿಯ ಸಣ್ಣ ಕಾಲೇಜು, ಅದಕ್ಕೆ ತಕ್ಕ ಗ್ರಂಥಾಲಯ. ಒಂದು ಉದ್ದ ಕೋಣೆ, ಎಂಟು ಕಪಾಟು, ಹಿಂದಿನ ಓಣಿಯಿಂದ ಮಗ್ಗಗಳ ಖಟಖಟ. ಮೌನ ಪಾಲಿಸಿ ಎಂಬ ಫಲಕವೂ ಇದೆ. ಮಗ್ಗಗಳಿಗೆ ಅದನ್ನು ಯಾರೂ ಓದಿ ಹೇಳಿಲ್ಲ. ಬರುವ ವರ್ಷದ ಪಾಠಗಳಿಗೆ ಹೊಸ ಪುಸ್ತಕ ತರಿಸಬೇಕು, ಕೆಲಸಕ್ಕೆ ಬಾರದ ಹಳೆಯವಕ್ಕೆ 'ರದ್ದು' ಎಂಬ ಮುದ್ರೆ ಒತ್ತಿ ತೆಗೆಯಬೇಕು ಎಂದು ಪ್ರಾಚಾರ್ಯರು ಹೇಳಿದರು. ಭೂಗೋಳದ ಕಪಾಟು ನನ್ನ ಮತ್ತು ಸುವರ್ಣಾಳ ಪಾಲಿಗೆ ಬಂತು. ಸುವರ್ಣಾ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ನಮ್ಮ ವಿಭಾಗಕ್ಕೇ ಉಪನ್ಯಾಸಕಿಯಾಗಿ ಬಂದಿದ್ದಾಳೆ. ಬರುವ ತಿಂಗಳು ನಾನು ನಿವೃತ್ತ. ಆಮೇಲೆ ಆ ಕಪಾಟು, ಆ ಪಾಠ ಎಲ್ಲ ಅವಳದೇ.

ನಿಮ್ಮ ಮುಂದೆ ಹೇಳಲು ಎಂಥ ಸಂಕೋಚ? ಆ ಕಪಾಟನ್ನು ಅವಳೆದುರು ತೆರೆಯುವುದು ನನಗೆ ಬೇಡವಾಗಿತ್ತು. ಅದರೊಳಗೆ ಕಂದು ರಟ್ಟಿನ ಒಂದು ಪುಸ್ತಕವಿತ್ತು, ಈ ಸೀಮೆಯ ಭೂಗೋಳ. ಗದಗಿನ ಕಡೆಯಿಂದ ಹೊಸದಾಗಿ ಇಲ್ಲಿಗೆ ಬಂದಾಗ ಈ ಸೀಮೆ ನನಗೆ ಗೊತ್ತಿದ್ದದ್ದು ಆ ಪುಸ್ತಕದಿಂದಷ್ಟೇ. ಒಂದು ದಿನ ತರಗತಿಯಲ್ಲಿ ಅದನ್ನೇ ಬರೆಸುತ್ತಿದ್ದೆ: ಬೇಸಿಗೆಯಲ್ಲಿ ಇಲ್ಲಿ ಕೃಷ್ಣೆ ಬತ್ತುತ್ತದೆ, ದಂಡೆಯ ಹೊಲಗಳಿಗೂ ಮಳೆಯೇ ಗತಿ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಚಿಕ್ಕಪಡಸಲಗಿಯಿಂದ ಎರಡು ಬಸ್ಸು ಹತ್ತಿ ಇಳಿದು ಬರುತ್ತಿದ್ದ ಸುವರ್ಣಾ.

"ಇಲ್ರಿ ಸರ, ನಮ್ಮೂರಾಗ ರೈತರು ಕೂಡಿ ಬ್ಯಾರೇಜ್ ಕಟ್ಯಾರ್ರಿ. ಬ್ಯಾಸಗ್ಯಾಗೂ ನೀರ ನಿಂತಿರ್ತೈತ್ರಿ. ನಮ್ಮ ಹೊಲದಾಗ ಕಬ್ಬ ಐತ್ರಿ."

ಬ್ಯಾರೇಜು ಕಟ್ಟಿ ಎಷ್ಟೋ ವರ್ಷವಾಗಿತ್ತು. ನಮ್ಮ ಪುಸ್ತಕಕ್ಕೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ, ಅದನ್ನು ನಂಬಿದ ನನಗೂ. "ಪರೀಕ್ಷಾದಾಗ ನಿಮ್ಮ ಹೊಲ ಬರೂದಿಲ್ಲವ್ವ, ಪುಸ್ತಕ ಬರತೈತಿ. ಬರ್ಕೋ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ಕೂತು ಬರೆದುಕೊಂಡಳು. ಮುಂದೆ ಡಿಗ್ರಿ ಮುಗಿಯುವ ತನಕ ನನ್ನ ಪಾಠದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಭಾನುವಾರ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಚಿಕ್ಕಪಡಸಲಗಿಗೆ ಹೋದೆ. ಏಪ್ರಿಲ್ ಬಿಸಿಲು. ಬ್ಯಾರೇಜಿನ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ನೀರು, ದಂಡೆಗುಂಟ ಕಬ್ಬು. ಎಮ್ಮೆ ತೊಳೆಯುತ್ತಿದ್ದ ಮುದುಕನೊಬ್ಬ ನನ್ನನ್ನು ಬಹಳ ಹೊತ್ತು ನೋಡಿ, "ಏನರ ಕಳಕೊಂಡೀರೇನ್ರಿ?" ಎಂದ. ಮಾನ ಎನ್ನಬೇಕಿತ್ತು, ಏನಿಲ್ಲ ಎಂದೆ. ಸೋಮವಾರ ತರಗತಿಯಲ್ಲಿ, ನಾನು ಹೇಳಿದ್ದು ತಪ್ಪು ಎಂಬ ಮಾತು ಬಾಯಿಯ ತನಕ ಬಂತು. ಮುಂದಿನ ಪಾಠ ತೆಗೆಯಿರಿ ಎಂದುಬಿಟ್ಟೆ. ನುಂಗಿದ ಆ ಮಾತು ಇಷ್ಟು ವರ್ಷವೂ ಕರಗಲಿಲ್ಲ. ಅವಳು ಉಪನ್ಯಾಸಕಿಯಾಗಿ ಬಂದು "ನಮಸ್ಕಾರ್ರಿ ಸರ" ಎಂದ ದಿನ ನನಗೆ ಮೊದಲು ನೆನಪಾದದ್ದೇ ಅದು.

ನಿನ್ನೆ ಇಬ್ಬರೂ ಗ್ರಂಥಾಲಯದ ನೆಲದ ಮೇಲೆ ಪುಸ್ತಕ ಹರವಿಕೊಂಡು ಕೂತೆವು. ಕಂದು ಪುಸ್ತಕವನ್ನು ಅವಳು ನೋಡದಂತೆ ರದ್ದಿನ ರಾಶಿಯ ತಳಕ್ಕೆ ತಳ್ಳಿದೆ. ಈ ವಯಸ್ಸಿಗೆ ಈ ಕಳ್ಳಾಟ. ತರಿಸಬೇಕಾದ ಪುಸ್ತಕಗಳ ನನ್ನ ಪಟ್ಟಿಯನ್ನು ಗತ್ತಿನಿಂದ ಕೊಟ್ಟೆ. ಓದಿ ನೋಡಿ ಮೆತ್ತಗೆ ಕೇಳಿದಳು:

"ಸರ, ಇವೆಲ್ಲಾ ನೀವು ಓದಿದ್ದ ಅದಾವ್ರಿ. ಮುಂದ ಓದವ್ರಿಗೆ ಏನ ಬೇಕಂತೀರಿ?"

ಉತ್ತರ ಅವಳ ಪಟ್ಟಿಯಲ್ಲಿತ್ತು. ಹೊಸ ನಕಾಶೆಗಳು, ಉಪಗ್ರಹದ ಚಿತ್ರ ನೋಡಿ ನೆಲವನ್ನು ಅರಿಯುವ ಬಗೆ, ನೀರು ಹೆಚ್ಚಾಗಿ ಉಪ್ಪೇರಿ ಸವಳಾದ ಮಣ್ಣಿನ ವಿಚಾರ; ಹುಡುಗರು ಕಾಯದಿರಲೆಂದು ಒಂದೊಂದರ ಹತ್ತು ಪ್ರತಿ. ನನ್ನ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ರದ್ದಿನ ರಾಶಿಯ ಪುಸ್ತಕಗಳನ್ನೂ ಬಿಡಿಸಿ ನೋಡದೆ ಮುದ್ರೆಗೆ ಕೊಡುವವಳಲ್ಲ ಅವಳು. ತಳದ ಪುಸ್ತಕ ಕೈಗೆ ಬಂದಾಗ ನಾನು ಕಿಟಕಿಯ ಕಡೆ ನೋಡತೊಡಗಿದೆ. ಅವಳು ಹುಡುಕದೆ ನೇರವಾಗಿ ಅದೇ ಪುಟ ತೆರೆದು ನನ್ನ ಮುಂದೆ ಹಿಡಿದಳು. ಅಂಚಿನಲ್ಲಿ ಪೆನ್ಸಿಲಿನ ಸಾಲು, ನನ್ನದೇ ಕಾಗೆ ಕಾಲಿನ ಅಕ್ಷರ: "ಈಗ ಹೀಗಿಲ್ಲ. ಏಪ್ರಿಲಿನಲ್ಲೂ ನೀರಿದೆ. ಹೋಗಿ ನೋಡಿ ಬಂದೆ."

ಗ್ರಂಥಾಲಯದ ಪುಸ್ತಕದಲ್ಲಿ ಗೀಚಿದ ಹುಡುಗರನ್ನು ಕಂಡಕಂಡಲ್ಲಿ ಗದರಿದವನು ನಾನು. ಇದನ್ನು ಬರೆದದ್ದೇ ಮರೆತಿದ್ದೆ. ಅದರ ಕೆಳಗೆ ದುಂಡಗಿನ ಬೇರೆ ಅಕ್ಷರದಲ್ಲಿ "ಹೌದ್ರಿ ಸರ" ಎಂದಿತ್ತು.

"ಕಡೀ ಪರೀಕ್ಷಾಕ್ಕ ಓದಾಕ ಒಯ್ದಿದ್ನಿರಿ," ಎಂದಳು. "ಇದನ್ನ ನೋಡಿದ ಮ್ಯಾಲೆ ಸಿಟ್ಟ ಹೋತ್ರಿ. ಎಂ.ಎ.ಕ್ಕೂ ಭೂಗೋಳನ ತಗೊಂಡ್ನಿ."

"ಅವತ್ತ ನಂದು ತಪ್ಪಾತವ್ವ," ಎಂದೆ.

"ಗೊತ್ತೈತ್ರಿ ಸರ. ಮುದ್ರಿ ಹೊಡೀರಿ."

"ಇದಕ್ಕೂ?"

"ಇದಕ್ಕ ಮೊದಲ. ಇದ ಇಲ್ಲೇ ಇದ್ರ ಮತ್ತ ಯಾರರ ಬರಸ್ತಾರ್ರಿ."

ಹೊಡೆದೆ. ಎಷ್ಟು ಒತ್ತಿ ಹೊಡೆದೆನೆಂದರೆ ಶಾಯಿ ಮುದ್ರೆಯ ಅಂಚಿನಿಂದ ಉಕ್ಕಿ ಹೆಬ್ಬೆರಳಿಗೆ ಬಂತು. ಮನಸ್ಸು ಹಗುರಾಗಿತ್ತು. ಮಂಡಿನೋವಿನವನು ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಎದ್ದೆ.

ಈಗ ಖಾಲಿ ಕಪ್ಪು ಒಯ್ಯಲು ಹೆಂಡತಿ ಮತ್ತೆ ಹೊರಗೆ ಬಂದಿದ್ದಾಳೆ. ಬೆರಳನ್ನು ಇನ್ನು ತಿಕ್ಕುವುದಿಲ್ಲ ಎಂದು ನಾನು ಆಗಲೇ ನಿಶ್ಚಯಿಸಿದ್ದೇನೆ.

"ಹೇಳಲೇ ಇಲ್ಲ. ಯಾರಿಗೆ ಹಾಕಿದ್ರಿ ಓಟ?"

"ಚಿಕ್ಕಪಡಸಲಗಿ ಹುಡುಗಿಗೆ."

"ಆರಿಸಿ ಬಂದಾಳೇನು?"

"ಬಂದಾಳ."